ಹೈಡ್‌ನಿಂದ ಎದ್ದು ಹೋಗುವ ಸರದಿ

೨೦೦೬ರಲ್ಲಿ ನಾನು ದೆಹಲಿಯ ಓಖ್ಲಾದಲ್ಲಿ ಕಚೇರಿಯಿದ್ದ ಪರಿಸರ ಪತ್ರಿಕೆಯೊಂದರ ಹಿರಿಯ ಛಾಯಾಗ್ರಾಹಕ. ಆ ಚಳಿಗಾಲ ಜೌಗುಭೂಮಿಯ ವಿಶೇಷ ಸಂಚಿಕೆ ತರುವುದೆಂದಾಯಿತು. ಮುಖಪುಟಕ್ಕೆ ಮಾರ್ಷ್ ಹ್ಯಾರಿಯರ್ ಬೇಕು ಎಂದರು ಸಂಪಾದಕಿ. ಆಪುಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುತ್ತ ಬೇಟೆ ಹುಡುಕುವ, ಗಿಡುಗದಂಥ ಹಕ್ಕಿ ಅದು. ಅಷ್ಟು ವರ್ಷಗಳ ನೌಕರಿಯಲ್ಲಿ ನನ್ನ ಚಿತ್ರಗಳು ಒಳಪುಟಗಳಲ್ಲಿ ಬೇಕಾದಷ್ಟು ಬಂದಿದ್ದವು, ಮುಖಪುಟದಲ್ಲಿ ಒಂದೂ ಇಲ್ಲ. ಈ ಸಲ ನನ್ನದೇ ಎಂದುಕೊಂಡೆ. ಆದರೆ ಸಂಪಾದಕಿ ನನ್ನ ಜೊತೆಗೆ ರಿಯಾಜ್‌ನನ್ನೂ ಕಳಿಸಿದರು.

ರಿಯಾಜ್ ಶಿವಮೊಗ್ಗದವನು, ಜನಕಪುರಿಯಲ್ಲಿ ಬಾಡಿಗೆಗಿದ್ದ, ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ನಾನಿನ್ನೂ ಸ್ಲೈಡ್ ಫಿಲ್ಮ್ ಬಳಸುತ್ತಿದ್ದೆ, ಅವನ ಕೈಯಲ್ಲಿ ಡಿಜಿಟಲ್ ಕ್ಯಾಮೆರಾ. ಲ್ಯಾಬ್‌ನಿಂದ ರೋಲ್ ಬರುವವರೆಗೆ ನಾನು ಉಗುರು ಕಚ್ಚುತ್ತಿದ್ದರೆ, ಅವನು ಅಲ್ಲೇ ನೋಡಿ, ಅಳಿಸಿ, ಮತ್ತೆ ತೆಗೆಯುತ್ತಿದ್ದ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಮರ್ಯಾದಸ್ಥ ಹೆಸರು ಹುಡುಕುವುದಿಲ್ಲ. ಅವನು ಅಣ್ಣ ಎಂದು ಕರೆದರೂ ಮೈ ಉರಿಯುತ್ತಿತ್ತು.

ನೋಯ್ಡಾ ದಾಟಿದ ಮೇಲೆ ಸಿಗುವ ಜೌಗೊಂದರಲ್ಲಿ ಹೈಡ್ ಹೂಡಿದೆವು. ಹೈಡ್ ಎಂದರೆ ಒಬ್ಬರು ಅಡಗಿ ಕೂರುವಷ್ಟು ಕ್ಯಾನ್ವಾಸ್ ಗುಡಾರ. ಒಬ್ಬನೇ ಹೋಗಿ ಒಳಹೊಕ್ಕರೆ ಹ್ಯಾರಿಯರ್ ದೂರದಿಂದಲೇ ಕಂಡುಬಿಡುತ್ತದೆ, ಇಡೀ ಬೆಳಿಗ್ಗೆ ಅತ್ತ ಸುಳಿಯುವುದಿಲ್ಲ. ಅದಕ್ಕೆ ನಮ್ಮ ಕಸುಬಿನಲ್ಲಿ ಹಳೆಯ ಉಪಾಯವೊಂದಿದೆ. ಇಬ್ಬರು ಹೋಗಬೇಕು, ಒಬ್ಬ ಒಳಗೆ ಉಳಿಯಬೇಕು, ಇನ್ನೊಬ್ಬ ಕಾಣುವ ಹಾಗೆ ವಾಪಸು ನಡೆಯಬೇಕು. ಹಕ್ಕಿಗೆ ಎಣಿಕೆ ತಿಳಿಯದು, ಮನುಷ್ಯ ಹೋದ ಎಂದು ನಂಬುತ್ತದೆ. ನಡೆಯುವವನು ನಡುವೆ ನಿಲ್ಲಬಾರದು, ತಿರುಗಬಾರದು. ಒಳಗೆ ಕೂರಲು ದಿನಕ್ಕೊಬ್ಬರ ಸರದಿ ಮಾಡಿಕೊಂಡೆವು. ನನ್ನ ಸರದಿ ಬಂದಾಗಲೆಲ್ಲ ದೆಹಲಿಯ ದಟ್ಟ ಮಂಜೂ ಬಂತು.

ಕೊನೆಯ ದಿನ ರಿಯಾಜ್‌ನದು. ಅವತ್ತು ಆಕಾಶ ತೊಳೆದಿಟ್ಟ ಹಾಗಿತ್ತು.

“ಅಣ್ಣ, ಇವತ್ತು ನೀವೇ ಕೂತ್ಕೊಳ್ಳಿ. ನಾನು ಹೋಗ್ತೀನಿ,” ಅಂದ.

ಬಾಯಲ್ಲಿ ನೀರೂರಿತು. ಆದರೆ ಇವನು ಬಿಟ್ಟುಕೊಟ್ಟ ಮುಖಪುಟ ನನಗೇಕೆ? “ಸರದಿ ಅಂದ್ರೆ ಸರದಿ. ಚಲೋ, ಒಳಗೆ ಹೋಗು,” ಎಂದು ಹೊರಟೆ.

ಮಣ್ಣಿನ ಏರಿ ಜೌಗನ್ನು ಬಳಸಿಕೊಂಡು ಹೈಡ್‌ನ ಎದುರು ದಡಕ್ಕೆ ಬರುತ್ತದೆ. ಅಲ್ಲಿಂದ ನೀರಿಗೆ ಬೆನ್ನು ಮಾಡಿ ರಸ್ತೆಯ ಕಡೆ ತಿರುಗಿದೆನೋ ಇಲ್ಲವೋ, ಹಿಂದೆ ನಾಮದ ಕೋಳಿಗಳೆಂಬ ನೀರುಹಕ್ಕಿಗಳು ಒಟ್ಟಿಗೆ ಚೀರಿ ನೀರಿನ ಮೇಲೆ ದಡಬಡ ಓಡಿದ ಸದ್ದು. ಹ್ಯಾರಿಯರ್ ಇಳಿದಿದೆ ಎಂದು ನೋಡದೆಯೇ ಗೊತ್ತಾಯಿತು. ನಾನು ಕತ್ತು ತಿರುಗಿಸಿದರೂ ಸಾಕಿತ್ತು, ಹಕ್ಕಿ ಹಾರಿಹೋಗುತ್ತಿತ್ತು. ಅವನಿಗೂ ಸಿಗದಿರಲಿ ಎಂದು ಮನಸ್ಸು ಹೇಳಿತು, ಒಂದಲ್ಲ ಹತ್ತು ಸಲ. ಹಲ್ಲು ಕಚ್ಚಿಕೊಂಡು, ಅವನನ್ನೂ ಅವನ ಕ್ಯಾಮೆರಾವನ್ನೂ ಬೈಯುತ್ತ ನಡೆದೆ.

ನಾನು ಕಾಯುತ್ತಿದ್ದ ರಸ್ತೆಬದಿಯ ಚಹಾದಂಗಡಿಗೆ ಅವನು ಓಡಿಬಂದು, “ನೋಡಿ ಅಣ್ಣ,” ಎಂದು ಕ್ಯಾಮೆರಾ ಚಾಚಿದ.

“ಆಫೀಸಲ್ಲೇ ನೋಡ್ತೀನಿ ಬಿಡು,” ಅಂದೆ.

ಆಫೀಸಿನಲ್ಲಿ ನೋಡಿದೆ. ರೆಕ್ಕೆ ಎತ್ತಿ, ಕಾಲು ಚಾಚಿ ನೀರಿಗೆ ಇಳಿಯುತ್ತಿರುವ ಹ್ಯಾರಿಯರ್, ಹಳದಿ ಕಣ್ಣು ಕೂಡ ಸ್ಪಷ್ಟ. ಹಿಂದೆ ಏರಿಯ ಮೇಲೆ ಮಸುಕು ಕಂದು ಗೆರೆಯೊಂದು. ಅದು ನನ್ನ ಜಾಕೆಟ್.

“ಈ ಮನುಷ್ಯನನ್ನು ಅಳಿಸಿಬಿಡೋಣ,” ಎಂದರು ಸಂಪಾದಕಿ.

“ಬೇಡ ಮೇಡಂ. ಅವರು ಹಾಗೆ ನಡೆಯದಿದ್ದರೆ ಈ ಹಕ್ಕಿಯೇ ಇಲ್ಲ,” ಎಂದ ರಿಯಾಜ್.

ನಾನಾಗಿದ್ದರೆ ಮೊದಲು ಅಳಿಸುತ್ತಿದ್ದುದೇ ಅದನ್ನು. ಅವತ್ತಿನಿಂದ ನನಗೆ ಅವನ ಕ್ಯಾಮೆರಾದ ಮೇಲಿನ ಹೊಟ್ಟೆಕಿಚ್ಚು ಹೋಯಿತು, ಅವನ ಮೇಲಿನದು ಇಮ್ಮಡಿಯಾಯಿತು. ಹೊಟ್ಟೆಕಿಚ್ಚು ಬಿಡು ಎಂದು ಈ ವೃತ್ತಿ ನನಗೆ ಕಲಿಸಲಿಲ್ಲ. ಒಳಗೆ ಏನೇ ಉರಿಯಲಿ, ಇನ್ನೊಬ್ಬನ ಸರದಿಯಲ್ಲಿ ತಿರುಗದೆ ನಡೆ ಎಂದಷ್ಟೇ ಕಲಿಸಿತು. ನಾನು ಮುಖಪುಟಕ್ಕೆ ಬಂದದ್ದು ಅದೊಂದೇ ಸಲ, ಅದೂ ಬೆನ್ನು ತೋರಿಸಿಕೊಂಡು.