ಪ್ರಾಂಶುಪಾಲರ ಮೊಣಕೈ

ತಂತಿ ಎಳೆಯಲು ಕಂಬ ಹತ್ತುತ್ತಿದ್ದಳೆಂದು ಅವಳಿಗೆ ಕಂಬದಕ್ಕ ಎಂಬ ಹೆಸರು ಬಂತು. ಈಗ ಹತ್ತುವುದಕ್ಕೆ ಅವಳ ಕೈಕೆಳಗೆ ಏಳೆಂಟು ಆಳುಗಳಿದ್ದಾರೆ, ಅವಳು ಕೆಳಗೆ ನಿಂತು ಬೈಯುತ್ತಾಳೆ. ಹೆಸರು ಮಾತ್ರ ಇಳಿದಿಲ್ಲ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ ಅಂಗಡಿಯೇ ಇವತ್ತು ಅವಳ ಇಂಟರ್ನೆಟ್ ಕಂಪನಿ. ಪಕ್ಕದ ಕನ್ನಡಕದ ಅಂಗಡಿ ನನ್ನದು. ನಡುವಿನ ಗೋಡೆ ತೆಳು. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಕಿವಿಯಾರೆ ಕೇಳಿದ್ದು.

ಅವಳ ಜನ ಅಜ್ಜನ ಕಾಲದಲ್ಲಿ ನದಿಯಾಚೆಯಿಂದ ಬಂದವರು. ಮನೆಯಲ್ಲಿ ಬೇರೆ ಮಾತು, ಬೇರೆ ಪ್ರಾರ್ಥನೆ. ಊರಿನ ತಗ್ಗಿನ ಓಣಿಗಳಲ್ಲಿ ಒತ್ತೊತ್ತಾಗಿ ಬದುಕುವವರು. ದೊಡ್ಡ ಕಂಪನಿಗಳ ಬ್ರಾಡ್‌ಬ್ಯಾಂಡ್ ತಂತಿ ದಿಬ್ಬದ ಮೇಲಿನ ಕಾಲೇಜಿನವರೆಗೆ ಬಂದು, ಅಲ್ಲಿಂದ ಓಣಿಗಳನ್ನು ಇಣುಕಿ ನೋಡಿ, ಮೂಗು ಮುಚ್ಚಿಕೊಂಡು ಅಲ್ಲೇ ನಿಂತಿತ್ತು.

ಹೀಗಿರುವಾಗ ಕಾಲೇಜಿನ ಮೂಗಿಗೆ ದೊಡ್ಡ ಅನುದಾನವೊಂದರ ವಾಸನೆ ಬಡಿಯಿತು. ಕಾಲೇಜಿನ ಇಂಟರ್ನೆಟ್ಟನ್ನು ಓಣಿಗಳಿಗೆ ಇಳಿಸಬೇಕು, ಆದರೆ ಅಲ್ಪಸಂಖ್ಯಾತರ ಒಡೆತನದ ಕಂಪನಿಯೊಂದು ಪಾಲುದಾರಿಕೆಯಲ್ಲಿ ಇರಲೇಬೇಕು ಎಂಬ ಷರತ್ತು. ಊರಿನಲ್ಲಿ ಅಂಥ ಕಂಪನಿ ಒಂದೇ. ಪ್ರಾಂಶುಪಾಲರು ಖುದ್ದು ದಿಬ್ಬ ಇಳಿದು ಬಂದು ಕಂಬದಕ್ಕನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು.

"ತಂಗೀ, ನೀವು ಅಲ್ಪಸಂಖ್ಯಾತರಲ್ವಾ?" ಎಂದರು, ಕಾಯಿಲೆ ವಿಚಾರಿಸುವ ದನಿಯಲ್ಲಿ.

"ಮನೇಲಿ ಒಂಬತ್ತು ಜನ ಸಾರ್. ಬೆಳಿಗ್ಗೆ ಬಚ್ಚಲ ಮುಂದೆ ನಿಂತಾಗ ಹಾಗನ್ಸಲ್ಲ."

ಪ್ರಾಂಶುಪಾಲರು ಸ್ವಲ್ಪ ತಡವಾಗಿ ನಕ್ಕರು. ಒಪ್ಪಂದವಾಯಿತು.

ಉದ್ಘಾಟನೆಗೆಂದು ಕಂಬದಕ್ಕ ನೀಲಿ ಕೋಟು ಹೊಲಿಸಿಕೊಂಡಳು. ಗುಂಡಿಗಳನ್ನು ಅಮ್ಮನೇ ಕೂತು ಹೊಲಿದಳು. ಮಂಡಿ ನೋವಿನ ಅಮ್ಮನಿಗೆ ದಿಬ್ಬ ಹತ್ತಲಾಗದು. "ಫೋಟೋ ಬರಲಿ, ಕಣ್ತುಂಬ ನೋಡ್ತೀನಿ" ಎಂದು ನನ್ನ ಅಂಗಡಿಗೆ ಬಂದು ಕನ್ನಡಕದ ಗಾಜು ಬದಲಾಯಿಸಿಕೊಂಡು ಹೋದಳು. ವೇದಿಕೆಯ ಮೇಲೆ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರ ಅಳಿಯ, ಅಧ್ಯಕ್ಷರು, ಪ್ರಾಂಶುಪಾಲರು, ಕೊನೆಯಲ್ಲಿ ಕಂಬದಕ್ಕ. ಅಳಿಯ ಅಲ್ಲಿ ಯಾಕಿದ್ದನೆಂದು ಯಾರಿಗೂ ಗೊತ್ತಿರಲಿಲ್ಲ, ಅಳಿಯನನ್ನೂ ಸೇರಿಸಿ. ಎಲ್ಲರನ್ನೂ ಒಳಗೊಳ್ಳುವುದರ ಬಗ್ಗೆ ಪ್ರಾಂಶುಪಾಲರು ಎಷ್ಟು ಹೊತ್ತು ಮಾತಾಡಿದರೆಂದರೆ, ಮೈಕು ಕಂಬದಕ್ಕನವರೆಗೆ ಬರಲು ಸಮಯವೇ ಉಳಿಯಲಿಲ್ಲ. ಆದರೆ ಫೋಟೋ ತೆಗೆದರು. ಅಷ್ಟು ಸಾಕು ಎಂದುಕೊಂಡಳು.

ಯೋಜನೆಯ ಬಗ್ಗೆ ಕಾಲೇಜು ಅಚ್ಚು ಹಾಕಿಸಿದ ಕಿರುಹೊತ್ತಗೆ ಬಂದ ಸಂಜೆ ಮನೆಯವರೆಲ್ಲ ಅಂಗಡಿಯಲ್ಲೇ ನೆರೆದಿದ್ದರು.

"ಇದ್ಯಾರೇ?" ಅಮ್ಮನ ಬೆರಳು ಮುಖಪುಟದ ಮೇಲೆ.

"ಪ್ರಾಂಶುಪಾಲರು."

"ಈ ಉದ್ದ ಮೋರೆ?"

"ಅಧ್ಯಕ್ಷರ ಅಳಿಯ."

"ನೀನೆಲ್ಲಿ?"

ಗೋಡೆಯಾಚೆ ಹಾಳೆ ತಿರುವಿದ ಸದ್ದು. ಆಮೇಲೆ ಅಮ್ಮನ ದನಿ ಕೇಳಿತು, ತೀರ ಮೆಲ್ಲಗೆ. "ಈ ಅಂಚಲ್ಲಿರೋದು ನಿನ್ನ ಮೊಣಕೈ ಅಲ್ವಾ? ಈ ಗುಂಡಿ ನಾನು ಹೊಲಿದಿದ್ದು."

ಮರುದಿನ ಅಮ್ಮ ನನ್ನಲ್ಲಿಗೆ ಬಂದಳು. "ನಿನ್ನ ಗಾಜು ಸರಿಯಿಲ್ಲ ಕಣಪ್ಪಾ. ಮಗಳು ಅರ್ಧಂಬರ್ಧ ಕಾಣ್ತಾಳೆ." ಗಾಜು ಸರಿಯಾಗಿಯೇ ಇತ್ತು. ಅದು ಅವಳಿಗೂ ಗೊತ್ತಿತ್ತು. ನಾನು ಸುಮ್ಮನೆ ಒರೆಸಿ ಕೊಟ್ಟೆ.

ಕಂಬದಕ್ಕ ಕಿರುಹೊತ್ತಗೆ ಹಿಡಿದು ದಿಬ್ಬ ಹತ್ತಿದಳು. ಪ್ರಾಂಶುಪಾಲರು ಬಾಯಲ್ಲಿ ಚ್ಚ್ ಚ್ಚ್ ಅಂದರು. "ಪುಟ ಸಣ್ಣದಾಯ್ತಮ್ಮಾ, ಏನ್ಮಾಡೋದು?"

"ಅಳಿಯಂದ್ರಿಗೆ ಸಾಕಾಯ್ತಲ್ಲ ಸಾರ್?"

"ಅವರು ತೆಳ್ಳಗಿದ್ದಾರೆ."

ಅಷ್ಟೇ ಅಲ್ಲ. ಕಾಲೇಜಿನ ಮಾಳಿಗೆಯ ಮೇಲೆ ಅವಳ ಉಪಕರಣಗಳೇ ಇದ್ದ ಕೋಣೆಯ ಬೀಗದ ಕೈ ಜವಾನನ ಸೊಂಟದಲ್ಲಿತ್ತು. ಅವಳ ಆಳುಗಳು ಪ್ರತಿ ಸಲವೂ ಅವನ ಊಟ, ನಿದ್ದೆ, ಬೀಡಿ ಮುಗಿಯುವವರೆಗೆ ಕಾಯಬೇಕಿತ್ತು. ಯೋಜನೆಯ ಸಮಿತಿ ತಿಂಗಳಿಗೊಮ್ಮೆ ಕೂತು ಪಾಲುದಾರಿಕೆಯ ಬಗ್ಗೆ ಚರ್ಚಿಸುತ್ತಿತ್ತು. ಪಾಲುದಾರಳಿಗೆ ಮಾತ್ರ ಅಲ್ಲಿ ಕುರ್ಚಿಯಿರಲಿಲ್ಲ.

ಕಂಬದಕ್ಕ ವಾಪಸು ಬಂದವಳು ಒಂದು ಮಾತೂ ಆಡಲಿಲ್ಲ. ಅವಳು ಬೈಯುತ್ತಿದ್ದರೆ ಊರು ನೆಮ್ಮದಿಯಾಗಿರುತ್ತದೆ. ಸುಮ್ಮನಾದಳೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಕೆಲಸ ಬಿಟ್ಟುಬಿಡುತ್ತಾಳೆ ಎಂದುಕೊಂಡೆವು. ಬಿಡಲಿಲ್ಲ. ಹಲ್ಲು ಕಚ್ಚಿ ಮಾಡಿಸಿದಳು. "ಒಂದು ಮನೇನೂ ತಪ್ಪಬಾರದು" ಎಂದು ಆಳುಗಳ ಬೆನ್ನು ಹತ್ತಿದಳು. ಬೇಡವೆಂದ ಮುದುಕರಿಗೂ ಕೊಟ್ಟಳು. ಕಾಲೇಜಿನ ಹಾಸ್ಟೆಲ್ಲಿಗೂ, ಗ್ರಂಥಾಲಯಕ್ಕೂ ತಂತಿ ಎಳೆದಳು. ಇಷ್ಟು ಒಳ್ಳೆಯ ಕೆಲಸ ಇಷ್ಟು ಕೆಟ್ಟ ಮನಸ್ಸಿನಿಂದ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗುಟ್ಟು ಬಯಲಾದದ್ದು ಇಂಟರ್ನೆಟ್ ಶುರುವಾದ ದಿನ. ಫೋನು ತೆರೆದರೆ ಮೊದಲು ಒಂದು ಸ್ವಾಗತ ಪುಟ. ಅದನ್ನು ದಾಟದೆ ಯಾರೂ ಮುಂದೆ ಹೋಗುವಂತಿಲ್ಲ. ಅದರಲ್ಲಿ ಅದೇ ಉದ್ಘಾಟನೆಯ ಫೋಟೋ. ನಡುವೆ ನೀಲಿ ಕೋಟಿನ ಕಂಬದಕ್ಕ, ಮುಖದ ತುಂಬ ನಗು. ಎಡಗಡೆಯ ಅಂಚಿನಲ್ಲಿ ಬೂದು ಚೌಕಳಿ ಬಟ್ಟೆಯ ಒಂದು ಮೊಣಕೈ. ಕೆಳಗೆ ಒಂದು ಸಾಲು: ಕಾಲೇಜಿನ ಸಹಯೋಗದೊಂದಿಗೆ.

ಊರಿಗೆ ಊರೇ ದಿನಕ್ಕೆ ನಾಲ್ಕು ಸಲ ಆ ಮೊಣಕೈಯ ದರ್ಶನ ಮಾಡಿತು. ಓಣಿಯ ಹೆಂಗಸರು ಚೌಕಳಿ ಬಟ್ಟೆಯ ಬೆಲೆ ಲೆಕ್ಕ ಹಾಕಿದರು. ಹಾಸ್ಟೆಲ್ಲಿನ ಹುಡುಗರು ಪ್ರಾಂಶುಪಾಲರು ಎದುರಾದರೆ ಕೈ ಎತ್ತುವ ಬದಲು ಮೊಣಕೈ ಎತ್ತಿ ನಮಸ್ಕರಿಸತೊಡಗಿದರು. ಕಡೆಗೆ ಪ್ರಾಂಶುಪಾಲರ ಫೋನು ಬಂತು, ಕಂಬದಕ್ಕ ಸ್ಪೀಕರ್ ಹಾಕಿದಳು.

"ಏನಮ್ಮಾ ಇದು? ನನ್ನ ಮುಖ ಎಲ್ಲಿ?"

"ಪುಟ ಸಣ್ಣದು ಸಾರ್."

"ಕಂಪ್ಯೂಟರಲ್ಲಿ ಎಂಥ ಸಣ್ಣದು?"

"ಜನ ಫೋನಲ್ಲಿ ನೋಡ್ತಾರಲ್ಲ ಸಾರ್. ನೀವು ತೆಳ್ಳಗಿದ್ದಿದ್ರೆ ಹೇಗೋ ತುರುಕಬಹುದಿತ್ತು."

ಗೋಡೆಯ ಈಚೆ ನಾನು ಬಾಯಿಗೆ ಬಟ್ಟೆ ತುರುಕಿಕೊಂಡೆ. ಅವಳನ್ನು ಕಿತ್ತುಹಾಕುವಂತಿರಲಿಲ್ಲ. ಅವಳಿಲ್ಲದೆ ಅನುದಾನದ ಎರಡನೆಯ ಹಂತವಿಲ್ಲ, ಊರಲ್ಲಿ ಇನ್ನೊಂದು ಅಂಥ ಕಂಪನಿಯಿಲ್ಲ. ಪ್ರಾಂಶುಪಾಲರ ದನಿ ಮೆತ್ತಗಾಯಿತು. ಹೊಸ ಕಿರುಹೊತ್ತಗೆ ಹಾಕಿಸೋಣ, ಮುಖಪುಟದಲ್ಲಿ ನೀವೇ ಎಂದರು. "ಹಾಕಿಸಿ. ನೀವೇ ತಂದು ನಮ್ಮಮ್ಮನ ಕೈಗೆ ಕೊಡಿ" ಎಂದಳು ಕಂಬದಕ್ಕ.

ಬಂದರು. ಅದೇ ಚೌಕಳಿ ಕೋಟು, ಅದೇ ಪ್ಲಾಸ್ಟಿಕ್ ಸ್ಟೂಲು. ಬಾಗಿಲಲ್ಲಿ ಓಣಿಯ ಅರ್ಧ ಜನ. ನಾನು ಗೋಡೆಯನ್ನು ನೆಚ್ಚದೆ ಒಳಗೇ ಹೋಗಿ ನಿಂತೆ. ಹಳೆಯ ಮುಖಪುಟದ ಮೇಲೆ ಆ ಮುಖವನ್ನು ಎಷ್ಟೋ ಸಲ ನೋಡಿದ್ದ ಅಮ್ಮ, ಕನ್ನಡಕ ಏರಿಸಿ ಪ್ರಾಂಶುಪಾಲರನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರಪ್ಪಾ ನೀನು? ಗುರುತು ಸಿಗ್ಲಿಲ್ಲ."

"ನಾನಮ್ಮಾ... ಪ್ರಾಂಶುಪಾಲ."

"ಹೌದಾ? ಅವರ ಮುಖ ಈ ಓಣೀಲಿ ಯಾರೂ ಕಂಡಿಲ್ಲಪ್ಪ. ಎಲ್ಲಿ, ಮೊಣಕೈ ತೋರ್ಸು."

ಪ್ರಾಂಶುಪಾಲರು ನಕ್ಕು ನೋಡಿದರು. ಅಮ್ಮ ನಗಲಿಲ್ಲ. ಕಂಬದಕ್ಕನ ಕಡೆ ತಿರುಗಿದರು. ಅವಳು ಇಕ್ಕಳ ಒರೆಸುವುದರಲ್ಲಿ ಮುಳುಗಿಹೋಗಿದ್ದಳು. ಕಡೆಗೆ, ಬದುಕಿನಲ್ಲಿ ಮೊದಲ ಬಾರಿಗೆ ಭಾಷಣವಿಲ್ಲದೆ, ಅವರು ಪಕ್ಕಕ್ಕೆ ತಿರುಗಿ ತೋಳು ಮಡಚಿದರು. ಅಮ್ಮ ಬಗ್ಗಿ, ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

"ಹಾಂ, ಇದೇ. ಕೂತ್ಕೋ."

ಆಮೇಲಷ್ಟೇ ಹೊಸ ಹೊತ್ತಗೆ ತೆಗೆದುಕೊಂಡಳು. ಮಗಳ ಮುಖದ ಮೇಲೆ ಬೆರಳಾಡಿಸಿದಳು.

ಪ್ರಾಂಶುಪಾಲರು ಗಂಟಲು ಸರಿ ಮಾಡಿಕೊಂಡರು. "ಹಾಗಾದ್ರೆ ಆ ಸ್ವಾಗತ ಪುಟ..."

"ಸರಿ ಮಾಡೋಣ ಸಾರ್" ಎಂದಳು ಕಂಬದಕ್ಕ. "ನಿಮ್ಮ ಯೋಜನೆ ಥರಾನೇ, ಹಂತ ಹಂತವಾಗಿ. ಮಾಳಿಗೆ ಬೀಗದ ಕೈ ಕೊಡಿ, ಭುಜ ಹಾಕ್ತೀನಿ."

"ಭುಜ?"

"ಸಮಿತೀಲಿ ನಂಗೊಂದು ಕುರ್ಚಿ ಬೀಳ್ಲಿ, ಕಿವಿ."

"ಮುಖ?"

"ಅದು ಅಮ್ಮನ್ನ ಕೇಳ್ಬೇಕು."

ಬೀಗದ ಕೈ ಮರುದಿನವೇ ಬಂತು. ಸಂಜೆಯೊಳಗೆ ಪುಟದಲ್ಲಿ ಭುಜ ಮೂಡಿತು. ಕುರ್ಚಿಗೆ ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಅಳಿಯನನ್ನು ಎಬ್ಬಿಸಬೇಕಾಯಿತಂತೆ. ಕಿವಿ ಬಂತು. ಈಗ ಎರಡನೆಯ ಹಂತದ ತಂತಿ ಹಳೆಯ ಗೋದಾಮುಗಳ ಕಡೆಗೆ ಹೊರಟಿದೆ. ಸಮಿತಿಯಲ್ಲಿ ಕಂಬದಕ್ಕ ಬಾಯಿ ತೆರೆದರೆ ಒಪ್ಪಿಗೆಯೆನ್ನಲು ಮೊದಲು ಏಳುವ ಕೈ ಪ್ರಾಂಶುಪಾಲರದೇ ಎಂದು ಕೇಳಿದ್ದೇನೆ.

ಪುಟದಲ್ಲಿ ಅವರಿನ್ನೂ ಕಿವಿಯವರೆಗೇ ಇದ್ದಾರೆ, ಬಾಗಿಲ ಹೊರಗೆ ನಿಂತು ಒಳಗಿನ ಮಾತಿಗೆ ಕಿವಿಗೊಟ್ಟವರ ಹಾಗೆ. ಸದ್ಯದಲ್ಲೇ ನಿವೃತ್ತಿಯಂತೆ. ಮೊನ್ನೆ ಕನ್ನಡಕದ ತಿರುಪು ಬಿಗಿ ಮಾಡಿಸಲು ಬಂದ ಅಮ್ಮನಿಗೆ ನಾನೇ ಶಿಫಾರಸು ಮಾಡಿದೆ. "ಸಾಕು ಬಿಡಮ್ಮಾ. ಹೋಗೋ ಮನುಷ್ಯ, ಮುಖ ಕೊಟ್ಬಿಡು."

ಅಮ್ಮ ಕನ್ನಡಕ ಹಾಕಿಕೊಂಡು, ಬೀದಿಯ ಕಡೆ ನೋಡಿ ಗಾಜು ಪರೀಕ್ಷಿಸಿದಳು.

"ನಿಂತಿರ್ಲಿ ಇನ್ನೊಂದಷ್ಟು ದಿನ. ನನ್ನ ಮಗಳು ನಿಂತಿರ್ಲಿಲ್ವಾ?"