ನಾನು ಬರೆದ ರಂಗೂನಿನ ಬೆಲೆಗಳು

ಅಕ್ಕಿ ಸೇರಿಗೆ ಮೂರಾಣೆ. ಸೋಪಿನ ಬಿಲ್ಲೆಗೆ ನಾಲ್ಕಾಣೆ. ಅಗಸನಿಗೆ ತಿಂಗಳಿಗೆ ಎರಡು ರೂಪಾಯಿ. ಕ್ಷೌರಕ್ಕೆ ಎರಡಾಣೆ. ಮನೆ ಬಾಡಿಗೆಯ ಮಾತಂತೂ ಕೇಳಲೇಬೇಡಿ. ರಂಗೂನಿನಿಂದ ನಾನು ಊರಿಗೆ ಬರೆದ ಈ ಪಟ್ಟಿ ಇವತ್ತಿಗೂ ನನಗೆ ಬಾಯಿಪಾಠ. ಅದರಲ್ಲಿ ಕ್ಷೌರದ ದರವೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಸುಳ್ಳು.

ನಾನು ರಂಗೂನಿಗೆ ಹೋದದ್ದು ತೆಲುಗಿನ ದೆಸೆಯಿಂದ. ಮಧುಗಿರಿಯಲ್ಲಿ ಲೋಯರ್ ಸೆಕೆಂಡರಿ ಮುಗಿಸಿ, ಪಾವಗಡದ ಕಡಲೆಕಾಯಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಆ ಕಡೆ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತೆಲುಗು. ಮಂಡಿ ಸಾಹುಕಾರರ ನೆಂಟರೊಬ್ಬರು ರಂಗೂನಿನ ಅಕ್ಕಿ ಗಿರಣಿಯಲ್ಲಿ ಹಿರಿಯ ಗುಮಾಸ್ತರು. ಅಲ್ಲಿನ ಕೂಲಿಯವರೆಲ್ಲ ತೆಲುಗರು. ಅವರ ಜೊತೆ ಮಾತಾಡಿ ಇಂಗ್ಲಿಷಿನಲ್ಲಿ ಹಾಜರಿ ಬರೆಯುವವನೊಬ್ಬ ಬೇಕಿತ್ತು. ಮಂಡಿಯಲ್ಲಿ ಬರುತ್ತಿದ್ದ ಸಂಬಳದ ಮೂರರಷ್ಟು ಕೊಡುತ್ತೇವೆಂದರು. ಮದರಾಸಿಗೆ ಹೋಗಿ ಹಡಗು ಹತ್ತಿದೆ.

ಆಗ ನನಗೆ ಮದುವೆಯಾಗಿ ಒಂದು ವರ್ಷ. ಹೆಂಡತಿ ಹೊರಗಿನವಳಲ್ಲ, ನನ್ನ ಸ್ವಂತ ಅಕ್ಕನ ಮಗಳು. ತಂದೆತಾಯಿ ಇಲ್ಲದ ನನ್ನನ್ನು ಐ.ಡಿ.ಹಳ್ಳಿಯ ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದವಳು ಅಕ್ಕ. ಮಗಳನ್ನೂ ನನಗೇ ಕೊಟ್ಟಳು. ನಮ್ಮ ಕಡೆ ಇದು ನಡೆದುಬಂದ ಸಂಬಂಧ. ಚಿಕ್ಕಂದಿನಿಂದ ನನ್ನನ್ನು ಮಾವ ಎಂದು ಕರೆಯುತ್ತಿದ್ದವಳಿಗೆ ಮದುವೆಯಾದ ಮೇಲೂ ನಾನು ಮಾವನೇ. ಹೊರಡುವ ದಿನ, "ಆರು ತಿಂಗಳು ತಡಿ, ಬಂದು ಕರಕೊಂಡು ಹೋಗ್ತೀನಿ" ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ರಂಗೂನಿನಲ್ಲಿ ಗಿರಣಿಯ ಗುಮಾಸ್ತರು ಐದು ಮಂದಿ ಸೇರಿ ಒಂದು ಮೆಸ್ಸು ಮಾಡಿಕೊಂಡಿದ್ದೆವು. ಮೆಸ್ಸಿಗೆ ಬೇಕಾದ ಅಕ್ಕಿಯನ್ನು ಗಿರಣಿಯೇ ಬಿಟ್ಟಿ ಕೊಡುತ್ತಿತ್ತು. ನಮ್ಮೂರಲ್ಲಿ ಹಬ್ಬಕ್ಕೆ, ನೆಂಟರು ಬಂದಾಗ ಮಾತ್ರ ಬೇಯುತ್ತಿದ್ದ ಅಕ್ಕಿಯನ್ನು ಅಲ್ಲಿ ನಾನು ಎರಡು ಹೊತ್ತೂ ಉಣ್ಣುತ್ತಿದ್ದೆ. ಶನಿವಾರ ಬಯಾಸ್ಕೋಪು, ಭಾನುವಾರ ಕೆರೆಯ ಸುತ್ತ ತಿರುಗಾಟ. ರೇಷ್ಮೆಯ ಅಂಗವಸ್ತ್ರ ಕೊಂಡೆ, ಕೈಗಡಿಯಾರ ಕಟ್ಟಿದೆ. ನಾನು ಕೆಟ್ಟ ಚಾಳಿಗೇನೂ ಬೀಳಲಿಲ್ಲ, ಅದನ್ನು ಎದೆ ಮುಟ್ಟಿಕೊಂಡು ಹೇಳಬಲ್ಲೆ. ಆದರೆ ಯಾರಿಗೂ ಉತ್ತರ ಹೇಳಬೇಕಿಲ್ಲದ ಆ ಹಾಯಾದ ಬದುಕಿನ ರುಚಿ ನನಗೆ ಹತ್ತಿಬಿಟ್ಟಿತ್ತು. ಜೊತೆಗೆ, ಮೊಣಕೈವರೆಗೂ ಹಚ್ಚೆ ಹಾಕಿಸಿಕೊಂಡಿದ್ದ ಹಳ್ಳಿಯ ಹುಡುಗಿಯನ್ನು ಮೆಸ್ಸಿನವರ ಮುಂದೆ ನಿಲ್ಲಿಸಲು ಒಳಗೊಳಗೇ ನಾಚಿಕೆ. ಬರೆಯುವಾಗ ಈಗಲೂ ಕೈ ಹಿಂದೆಗೆಯುತ್ತದೆ, ಆದರೂ ಇರಲಿ.

ಆರು ತಿಂಗಳಿಗೆ ಸರಿಯಾಗಿ ಕಾಗದ ಬಂತು. ಅಕ್ಕನಿಗಾಗಲಿ ಅವಳಿಗಾಗಲಿ ಓದುಬರಹವಿರಲಿಲ್ಲ. ಊರಿನ ಸ್ಕೂಲು ಮೇಷ್ಟ್ರು ಬರೆದುಕೊಡುತ್ತಿದ್ದರು, ಬಂದದ್ದನ್ನು ಓದಿ ಹೇಳುತ್ತಿದ್ದರು. ಯಾವಾಗ ಕರೆದುಕೊಂಡು ಹೋಗುತ್ತೀ ಎಂಬುದೊಂದೇ ಕೇಳಿಕೆ. ಅದಕ್ಕೆ ಉತ್ತರವಾಗಿ ಕೂತು ಆ ಪಟ್ಟಿ ಬರೆದೆ. ಅದರಲ್ಲಿ ಒಂದು ಜಾಣತನವಿತ್ತು. ನಮ್ಮೂರಲ್ಲಿ ಅಗಸ, ಕ್ಷೌರಿಕ, ಕುಂಬಾರ ಯಾರಿಗೂ ದುಡ್ಡು ಕೊಡುವ ಪದ್ಧತಿ ಇಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ರಾಗಿ ಅಳೆಸಿಕೊಂಡು ಹೋಗುತ್ತಾರೆ, ವರ್ಷವೆಲ್ಲ ಕೆಲಸ ಮಾಡಿಕೊಡುತ್ತಾರೆ. ಅಂಥ ಮನೆಯವರಿಗೆ ತಲೆ ಬೋಳಿಸಿದ್ದಕ್ಕೂ ಕಾಸು, ಬಟ್ಟೆ ಒಗೆದದ್ದಕ್ಕೂ ಕಾಸು ಎಂದು ಬರೆದರೆ ಎದೆ ಒಡೆಯದೆ ಇದ್ದೀತೆ? ಆ ನಿಜದ ಜೊತೆಗೆ ಸುಳ್ಳು ದರಗಳನ್ನು ಸೇರಿಸಿದೆ. ಅಕ್ಕಿ ಪರ್ವತವಾಗಿ ಬಿದ್ದಿದ್ದ ಗಿರಣಿಯೊಳಗೆ ಕೂತು ಅಕ್ಕಿ ಮೂರಾಣೆ ಎಂದು ಬರೆದೆ. ಒಬ್ಬನಿಗೇ ಸಾಲದು, ಇಬ್ಬರಿಗೆ ಹೇಗೆ ಎಂದು ಮುಗಿಸಿದೆ.

ಅಲ್ಲಿಂದ ಕಾಗದಗಳಲ್ಲಿ ಆ ಕೇಳಿಕೆ ನಿಂತುಹೋಯಿತು. ನಾನು ನೆಮ್ಮದಿಯಾಗಿದ್ದೆ.

ಎರಡು ವರ್ಷ ಕಳೆದು ರಜೆಯ ಮೇಲೆ ಊರಿಗೆ ಬಂದೆ. ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತವಳನ್ನು ಕಂಡು ಯಾರೋ ಎಂದುಕೊಂಡೆ. ಅದು ನನ್ನ ಹೆಂಡತಿ. ಬಳೆಗಳು ಮೊಣಕೈವರೆಗೆ ಸರಿಯುತ್ತಿದ್ದವು. ಕಾಯಿಲೆಯೇ ಎಂದು ಅಕ್ಕನನ್ನು ಒಳಗೆ ಕರೆದು ಕೇಳಿದೆ.

"ಕಾಯ್ಲೆ ಯಾಕ್ಲಾ? ನೀನು ಬರ್ದಿದ್ಯಲ್ಲಾ ಆ ಬೆಲೆ, ಅವತ್ತಿಂದ ಒಂದೇ ಹೊತ್ತು ಉಣ್ಣಾದು. ಮನ್ಯಾಗೆ ರಾಗಿ ಐತೆ ಉಣ್ಣೇ ಅಂದ್ರೆ ಕೇಳಕಿಲ್ಲ. ಈಗ್ಲೇ ರೂಢಿ ಮಾಡ್ಕಂಬುಡ್ತೀನಿ ಅಂತಾಳೆ" ಎಂದಳು ಅಕ್ಕ. "ಏನ್ ದೇಸನಪ್ಪಾ ಅದು, ಅನ್ನಕ್ಕೆ ಅಷ್ಟೊಂದು ತುಟ್ಟಿ!"

ಸಂಜೆ ಅವಳು ತಾನಾಗಿಯೇ ಬಂದು ಎದುರಿಗೆ ಕೂತಳು. ಪಟ್ಟಿಯನ್ನು ಒಂದು ಬಾರಿ ಓದಿಸಿ ಕೇಳಿದ್ದಳು, ಅಷ್ಟರಲ್ಲೇ ಅವಳಿಗದು ಬಾಯಿಗೆ ಬಂದಿತ್ತು. ಬೆರಳು ಮಡಿಸುತ್ತ ಒಂದೊಂದನ್ನೇ ಹೇಳಿ, ಒಂದೊಂದಕ್ಕೂ ತಾನು ಮಾಡಿಕೊಂಡ ದಾರಿಯನ್ನು ಹೇಳಿದಳು.

"ನಂಗೆ ಒಂದೊತ್ತು ಸಾಕು ಮಾವ, ಹಸಿವು ಆಯ್ತಾನೇ ಇಲ್ಲ. ಅಗಸ ಬ್ಯಾಡ, ಒಗ್ಯಾದ ಕಲ್ತಿವ್ನಿ. ಸೋಪೂ ಬ್ಯಾಡ. ಎಲೆಅಡ್ಕೆ ಬುಟ್ಟುಬುಟ್ಟೆ. ತಲೆಗೆ ಎಣ್ಣೆ ವಾರಕ್ಕೊಂದ್ಸಲ." ಕಡೆಯ ಬೆರಳಿಗೆ ಬಂದಾಗ ತಡೆದಳು. "ಕ್ಷೌರ ಒಂದು ನನ್ ಕೈಲಿ ಆಗಕಿಲ್ಲ. ಆ ಎಲ್ಡಾಣೆ ನೀನೇ ಕೊಡ್ಬೇಕು."

ಅವಳು ನಕ್ಕಳು. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಆ ಹೊತ್ತಿಗೇ ನಿಜ ಹೇಳಬಹುದಿತ್ತು. ಹೇಳಿದರೆ, ಹಾಗಾದರೆ ಯಾಕೆ ಬರೆದೆ ಎಂದು ಕೇಳುತ್ತಾಳೆ. ಕರೆದುಕೊಂಡು ಹೋಗುತ್ತೇನೆ ಎಂದಷ್ಟೇ ಹೇಳಿದೆ. ಅದನ್ನೇ ದೊಡ್ಡ ಔದಾರ್ಯವೆಂಬಂತೆ ಹೇಳಿದೆ ಎಂಬುದೂ ನೆನಪಿದೆ.

ಹಡಗಿಗೆ ಅವಳು ತಂದ ಸಾಮಾನಿನಲ್ಲಿ ರಾಗಿಯ ಹುರಿಹಿಟ್ಟು, ಹುಣಸೆಹಣ್ಣು, ಸೀಗೆಕಾಯಿ ಇದ್ದವು. ಜೊತೆಗೆ ಎತ್ತಲಾರದಷ್ಟು ಭಾರದ ಒಂದು ಗಂಟು. ಏನೆಂದು ಕೇಳಿದೆ. ಚೌಳು ಮಣ್ಣು ಎಂದಳು. ನಮ್ಮ ಕಡೆ ಹಳ್ಳದ ದಂಡೆಯಲ್ಲಿ ಬಿಳಿಚಿಕೊಂಡು ಬಿದ್ದಿರುತ್ತದೆ. ಅಗಸರು ಅದನ್ನು ಬಳಸಿಯೇ ಬಟ್ಟೆಯ ಕೊಳೆ ತೆಗೆಯುತ್ತಾರೆ. ಸೋಪಿಗೆ ನಾಲ್ಕಾಣೆ ಎಂದು ನಾನು ಬರೆದದ್ದಕ್ಕೆ ಅವಳು ಐ.ಡಿ.ಹಳ್ಳಿಯ ಮಣ್ಣನ್ನು ಗೋಣಿಯಲ್ಲಿ ಕಟ್ಟಿಕೊಂಡು ಸಮುದ್ರ ದಾಟಿಸಿದಳು. ಬಂದರಿನಲ್ಲಿ ಸುಂಕದವನು ಗಂಟು ಬಿಚ್ಚಿಸಿ, ಮಣ್ಣನ್ನು ಬೆರಳಲ್ಲಿ ಕೆದಕಿ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ.

ರಂಗೂನಿನಲ್ಲಿ ಒಂದು ಕೋಣೆ ಹಿಡಿದೆ. ಬಾಡಿಗೆ ಕೊಟ್ಟು ಇಬ್ಬರೂ ಎರಡು ಹೊತ್ತು ಹೊಟ್ಟೆ ತುಂಬ ಉಂಡರೂ ಸಂಬಳದಲ್ಲಿ ಮಿಗುವಂತಿತ್ತು. ಅವಳು ಮಾತ್ರ ಒಂದೇ ಹೊತ್ತು ಉಣ್ಣುತ್ತಿದ್ದಳು. ಒಂದು ವಾರ ನಾನೇ ಸಾಮಾನು ತಂದು ಹಾಕಿದೆ. ಅವಳನ್ನು ಅಂಗಡಿಬೀದಿಗೆ ಹೋಗಗೊಡಲಿಲ್ಲ, ಭಾಷೆ ಬರುವುದಿಲ್ಲ ಎಂದು ನೆಪ ಹೇಳಿದೆ. ಅವಳಿಗೆ ತೆಲುಗು ಬರುತ್ತದೆ, ಆ ಬೀದಿಯೆಲ್ಲ ತೆಲುಗರದು ಎಂಬುದನ್ನು ಎಷ್ಟು ದಿನ ಮುಚ್ಚಿಡಲಿ? ಎಂಟನೆಯ ದಿನ ಜೊತೆಯಲ್ಲೇ ಬಂದಳು. ಅಕ್ಕಿಯ ರಾಶಿಯ ಮುಂದೆ ನಿಂತು ಒಂದು ಹಿಡಿ ಎತ್ತಿ ಮೂಸಿ, "ಸೇರು ಎಂತ?" ಎಂದು ತೆಲುಗಿನಲ್ಲಿ ಬೆಲೆ ಕೇಳಿದಳು.

"ಅಣಾ, ಅಕ್ಕಾ" ಎಂದಳು ಅಂಗಡಿಯವಳು. ಒಂದೇ ಆಣೆ.

ಅವಳು ಮತ್ತೊಮ್ಮೆ ಕೇಳಿದಳು. ಮತ್ತೆ ಅದೇ ಉತ್ತರ ಬಂತು. ಪಕ್ಕದ ಅಂಗಡಿಯಲ್ಲೂ ಕೇಳಿದಳು. ಆಮೇಲೆ ಸೋಪಿನ ದರ ಕೇಳಿದಳು. ನಾನು ಎರಡು ಹೆಜ್ಜೆ ಹಿಂದೆ ಚೀಲ ಹಿಡಿದುಕೊಂಡು ನಿಂತಿದ್ದೆ. ಬೆರಳು ಮಡಿಸುತ್ತಿದ್ದ ಅವಳ ಕೈ ಸೆರಗಿನೊಳಗೆ ಸೇರಿಕೊಂಡಿತು.

ಮನೆಯವರೆಗೂ ಅವಳು ನನಗಿಂತ ಮುಂದೆ ನಡೆದಳು. ಬಾಗಿಲು ತೆಗೆದು ಒಳಗೆ ಬಂದ ಮೇಲೆ, ನನ್ನ ಮುಖ ನೋಡದೆ, "ಬೆಲೆ ಇಳ್ದೈತೆ ಅಲ್ವಾ ಮಾವ?" ಎಂದಳು.

ಬೈದಿದ್ದರೆ, ಅತ್ತಿದ್ದರೆ ನಾನು ಕಾಲು ಹಿಡಿಯುತ್ತಿದ್ದೆನೇನೋ. ಅವಳು ನನಗೆ ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಟ್ಟಳು. ನಾನು, ನಾಚಿಕೆಗೆಟ್ಟವನು, ನುಸುಳಿಕೊಂಡೆ.

"ಹೌದು. ಈಚೆಗೆ ಇಳಿದಿದೆ" ಎಂದೆ.

ಇನ್ನು ಮೇಲೆ ಎರಡು ಹೊತ್ತೂ ಉಣ್ಣು ಎಂದು ಅವತ್ತೇ ಹೇಳಿದೆ. ರಾತ್ರಿ ಅವಳು ಊಟಕ್ಕೆ ಕೂತಳು, ನಾಲ್ಕು ತುತ್ತು ತಿಂದಳು, ಎದ್ದುಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡಳು. ಮಾರನೆಯ ದಿನವೂ ಹಾಗೇ ಆಯಿತು. ಎರಡು ವರ್ಷದಲ್ಲಿ ಅವಳ ಹೊಟ್ಟೆ ನನ್ನ ಪಟ್ಟಿಯನ್ನು ನಂಬಿಬಿಟ್ಟಿತ್ತು. ಹಣ್ಣು ತಂದೆ, ಹಾಲು ತಂದೆ, ಡಾಕ್ಟರಿಗೆ ತೋರಿಸಿದೆ. ಏನೂ ಹಿಡಿಸಲಿಲ್ಲ. ಚೌಳು ಮಣ್ಣು ಮಾತ್ರ ಮುಗಿಯುವವರೆಗೂ ಬಳಸಿದಳು. ನನ್ನ ಗಿರಣಿಯ ಅಂಗಿಗಳು ಅಷ್ಟು ಬೆಳ್ಳಗೆ ಯಾವತ್ತೂ ಇರಲಿಲ್ಲ.

ಯುದ್ಧ ಹತ್ತಿರವಾದಾಗ ಊರ ಕಡೆಗೆ ಮರಳಿ ಸಿರಾದಲ್ಲಿ ಮನೆ ಮಾಡಿದೆವು. ಇಲ್ಲಿ ನಿಜವಾಗಿಯೇ ಬೆಲೆಗಳು ಏರಿದವು, ರಾಗಿಗೂ ರೇಷನ್ನಿನ ಸಾಲು ಬಂತು. ಅಕ್ಕಪಕ್ಕದ ಹೆಂಗಸರು ಕಣ್ಣೀರು ಹಾಕಿದರು. ಇವಳೊಬ್ಬಳು ಚೀಲ ಹಿಡಿದು ಹೋಗಿ ಸಾಲಿನಲ್ಲಿ ನಿಂತಳು. ಕಳೆದ ವರ್ಷ ಅಕ್ಕ ತೀರಿಕೊಂಡಳು. ಅದಾದ ಮೇಲೆ ಒಂದು ಮಧ್ಯಾಹ್ನ ಧೈರ್ಯ ಮಾಡಿ, "ಆ ಪಟ್ಟಿ..." ಎಂದು ಬಾಯಿ ತೆರೆದೆ.

"ಆವಾಗ ತುಟ್ಟಿ ಇತ್ತು, ಆಮ್ಯಾಕೆ ಇಳೀತು. ಅಂಗೇ ಇರ್ಲಿ ಬುಡು ಮಾವ" ಎಂದು ಅವಳು ಕೆಲಸಕ್ಕೆ ಎದ್ದಳು.

ಇವತ್ತಿಗೂ ಅವಳು ಉಣ್ಣುವುದು ಒಂದೇ ಹೊತ್ತು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದೇ ತಟ್ಟೆ ಇಡುತ್ತಾಳೆ. ಬಡಿಸಿ, ಪಕ್ಕದಲ್ಲಿ ಕೂತು, ಸಾಕಾ ಇನ್ನೊಂಚೂರು ಹಾಕಲಾ ಎಂದು ಕೇಳುತ್ತಾಳೆ. ನಾನು ಹಾಕಿಸಿಕೊಂಡು ಉಣ್ಣುತ್ತೇನೆ.