ಬೊಮ್ಮಸಂದ್ರದಲ್ಲಿ ಕಣ್ಣಳತೆಯ ವೇಗ

ನಾನು ಹೊಸೂರಿಗೆ ಹೊರಟಿದ್ದ ಟ್ಯಾಕ್ಸಿಯನ್ನು ಬೊಮ್ಮಸಂದ್ರದ ಬಳಿ ಟ್ರಾಫಿಕ್ ಕಾನ್‌ಸ್ಟೇಬಲ್ ಒಬ್ಬರು ಕೈ ಅಡ್ಡ ಹಿಡಿದು ನಿಲ್ಲಿಸಿದರು. "ಎಂಬತ್ತರ ಮೇಲೆ ಬಂದೆ. ಕೇಸ್ ಹಾಕ್ತೀನಿ."

ಚಾಲಕ ಮಂಜಣ್ಣ ಕಿಟಕಿಯಿಂದ ತಲೆ ಹೊರಹಾಕಿದ. "ಅಷ್ಟು ಸ್ಪೀಡ್ ಇರ್ಲಿಲ್ಲ ಸಾರ್. ಇನ್ನೊಂದು ಕೇಸ್ ಬಿದ್ರೆ ಲೈಸೆನ್ಸೇ ಹೋಗುತ್ತೆ."

ಇಬ್ಬರೂ ನನ್ನತ್ತ ನೋಡಿದರು. ಕಿಟಕಿಯಾಚೆ ನೋಡುತ್ತ ಕೂತಿದ್ದ ನಾನು ಸ್ಪೀಡೋಮೀಟರ್ ನೋಡಿರಲಿಲ್ಲ; ಏನೆಂದು ಹೇಳಲಿ?

ಅಷ್ಟರಲ್ಲಿ ರಸ್ತೆಯಂಚಿನಲ್ಲಿ ನಿಂತಿದ್ದ ಎಸ್‌ಐ ಮೇಡಂ ಬಂದರು. "ಸ್ಪೀಡ್ ಅಳೆಯೋ ಮೆಷಿನ್ ಎಷ್ಟು ತೋರಿಸ್ತು?"

"ಮೆಷಿನ್ ರಿಪೇರಿಗೆ ಹೋಗಿದೆ ಮೇಡಂ. ಕಣ್ಣಿಗೇ ಗೊತ್ತಾಗುತ್ತಲ್ಲ" ಎಂದರು ಕಾನ್‌ಸ್ಟೇಬಲ್.

"ಜೋರಾಗಿ ಬಂದಿದ್ದು ನಂಗೂ ಕಾಣಿಸ್ತು. ಕಣ್ಣಲ್ಲಿ ನೋಡಿ ಗಾಡಿ ನಿಲ್ಲಿಸ್ಬೋದು ಕಣ್ರೀ, ಕೇಸ್ ಬರೆಯೋಕಾಗಲ್ಲ." ಆಮೇಲೆ ಅವರು ಮಂಜಣ್ಣನ ಕಿಟಕಿಯತ್ತ ಬಾಗಿದರು. "ಶಿಫ್ಟ್ ಬಿಡೋ ಹೊತ್ತು. ಅಲ್ಲಿ ನೋಡಣ್ಣ."

ಕಾರ್ಖಾನೆಯ ಸಮವಸ್ತ್ರ ತೊಟ್ಟ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು, ರಸ್ತೆ ದಾಟಲಾಗದೆ ಅಂಚಿನಲ್ಲಿ ನಿಂತಿದ್ದರು.

ಮಂಜಣ್ಣ ಕೈಮುಗಿದ. ಹಿಂದಿನ ಸೀಟಿನಿಂದ ನಾನೂ ಕೈಮುಗಿದೆ. ಕಾಣದ್ದಕ್ಕೆ ಸಾಕ್ಷಿ ಹೇಳುವ ಇಕ್ಕಟ್ಟಿನಿಂದ ಆಕೆ ನನ್ನನ್ನೂ ಪಾರುಮಾಡಿದ್ದರು.

ಮೇಡಂ ನಡುರಸ್ತೆಗೆ ಹೋಗಿ ಕೈಯೆತ್ತಿದರು. ಹೆಂಗಸರು ದಾಟಿ ಮುಗಿಯುವವರೆಗೆ ಕಾದೆವು. ಹೊರಟ ಮೇಲೆ ಟ್ಯಾಕ್ಸಿ ನಿಧಾನಕ್ಕೇ ಸಾಗಿತು; ಚಂದಾಪುರ ದಾಟುವವರೆಗೂ ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಮಂಜಣ್ಣ ಎಡಕ್ಕೆ ಸರಿದು, ಒಂದೊಂದಕ್ಕೂ ದಾರಿ ಬಿಟ್ಟುಕೊಟ್ಟ.